ಪಿತ್ತಕೋಶದ ತೊಂದರೆ ಇದ್ದರೆ ತಿಂದದ್ದು ಮೈಗೆ ಹತ್ತುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಗಾಲ್ ಬ್ಲಾಡರ್ ಸ್ಟೋನ್, ಅಂದರೆ ಪಿತ್ತಕೋಶದ ಕಲ್ಲು ಅಂತ ಬಂದ ದಿನವೇ ಅಡುಗೆಮನೆಯಿಂದ ಎಣ್ಣೆ, ತುಪ್ಪ ಎರಡನ್ನೂ ಹೊರಗೆ ಹಾಕುವವರಿದ್ದಾರೆ. ಕಲ್ಲು ಇರುವುದು ಗೊತ್ತಿಲ್ಲದೆ ವರ್ಷಗಟ್ಟಲೆ ಗ್ಯಾಸಿನ ಮಾತ್ರೆ ನುಂಗುವವರೂ ಇದ್ದಾರೆ. ಇಬ್ಬರೂ ಕೇಳುವುದು ಹೆಚ್ಚುಕಮ್ಮಿ ಒಂದೇ ಬಗೆಯ ಪ್ರಶ್ನೆಗಳನ್ನು. ಅವುಗಳಲ್ಲಿ ಮುಖ್ಯವಾದವು ಇಲ್ಲಿವೆ.

ಪಿತ್ತಕೋಶ ಎಲ್ಲಿರುತ್ತದೆ, ಅದರ ಕೆಲಸ ಏನು?

ಬಲಗಡೆ ಪಕ್ಕೆಲುಬಿನ ಕೆಳಗೆ, ಲಿವರಿಗೆ ಅಂಟಿಕೊಂಡಿರುವ ಪುಟ್ಟ ಚೀಲ ಅದು. ಉದ್ದ 7ರಿಂದ 10 ಸೆಂಟಿಮೀಟರ್. ಅದರಲ್ಲಿ ಹಿಡಿಯುವುದು 30ರಿಂದ 50 ಮಿಲಿ ಅಷ್ಟೇ. ಪಿತ್ತರಸವನ್ನು ತಯಾರಿಸುವುದು ಲಿವರ್, ಪಿತ್ತಕೋಶ ಅಲ್ಲ. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ಗೊಂದಲ ಹೋಗುತ್ತದೆ. ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಪಿತ್ತರಸ ಮಾಡುತ್ತದೆ. ಹೊಟ್ಟೆ ಖಾಲಿ ಇದ್ದಾಗ ಅದರಲ್ಲಿ ಬಹಳಷ್ಟು ಪಿತ್ತಕೋಶಕ್ಕೆ ಹೋಗಿ ಸೇರಿಕೊಳ್ಳುತ್ತದೆ. ಅಲ್ಲಿ ನೀರಿನಂಶ ಹೀರಿಹೋಗಿ ರಸ 5ರಿಂದ 10 ಪಟ್ಟು ಗಟ್ಟಿಯಾಗುತ್ತದೆ.

ಆಮೇಲೆ ನೀವು ಊಟ ಮಾಡುತ್ತೀರಿ. ಊಟದ ಜಿಡ್ಡು ಹೊಟ್ಟೆ ದಾಟಿ ಸಣ್ಣ ಕರುಳಿಗೆ ಇಳಿದ ಕೂಡಲೇ ಅಲ್ಲಿಂದ ಕೊಲೆಸಿಸ್ಟೊಕೈನಿನ್ ಅನ್ನೋ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಬಂದರೆ ಪಿತ್ತಕೋಶ ಹಿಂಡಿಕೊಂಡು ರಸವನ್ನು ಕರುಳಿಗೆ ಬಿಡುತ್ತದೆ, ಅದೇ ಹೊತ್ತಿಗೆ ನಾಳದ ಕೊನೆಯ ಬಾಗಿಲೂ ಸಡಿಲವಾಗುತ್ತದೆ. ಕಲ್ಲು ಇರುವವರಿಗೆ ಊಟ ಆದ ಮೇಲೆ ನೋವು ಬರುವುದು ಇದಕ್ಕೇ. ಹಿಂಡುವ ಹೊತ್ತಿಗೆ ಕಲ್ಲು ಚೀಲದ ಬಾಯಿಗೆ ಅಡ್ಡ ಬಂದು ಸಿಕ್ಕಿಕೊಳ್ಳುತ್ತದೆ.

ಪಿತ್ತರಸ ಕೊಬ್ಬನ್ನು ಜೀರ್ಣ ಮಾಡುತ್ತದಾ?

ನೇರವಾಗಿ ಮಾಡುವುದಿಲ್ಲ. ಅದರಲ್ಲಿ ಜೀರ್ಣ ಮಾಡುವ ಎಂಜೈಮೇ ಇಲ್ಲ. ಎಣ್ಣೆ ಸ್ನಾನದ ದಿನ ಬರೀ ನೀರು ಸುರಿದರೆ ತಲೆಯ ಜಿಡ್ಡು ಹೋಗುವುದಿಲ್ಲ, ಸೀಗೆಕಾಯಿ ಹಚ್ಚಿದರೆ ಹೋಗುತ್ತದೆ ಅಲ್ವಾ, ಪಿತ್ತರಸದಲ್ಲಿರುವ ಲವಣಗಳ ಕೆಲಸವೂ ಅಂಥದ್ದೇ. ದೊಡ್ಡ ಜಿಡ್ಡಿನ ಹನಿಯನ್ನು ಸಾವಿರಾರು ಸಣ್ಣ ಹನಿ ಮಾಡುತ್ತವೆ. ಆಗ ಪ್ಯಾಂಕ್ರಿಯಾಸ್‌ನಿಂದ (ಮೇದೋಜೀರಕ ಗ್ರಂಥಿಯಿಂದ) ಬರುವ ಲೈಪೇಸ್ ಎಂಜೈಮಿಗೆ ಆ ಹನಿಗಳನ್ನು ಒಡೆಯುವುದು ಸುಲಭ. ಒಡೆದ ಕೊಬ್ಬನ್ನೂ ಅದರಲ್ಲಿ ಕರಗಿರುವ ವಿಟಮಿನ್‌ಗಳನ್ನೂ ಕರುಳಿನ ಗೋಡೆಯವರೆಗೆ ಹೊತ್ತು ತಲುಪಿಸುವುದು ಮತ್ತೆ ಇದೇ ಲವಣಗಳು.

ಇನ್ನೊಂದು ಸ್ವಾರಸ್ಯ ಇದೆ. ಕೆಲಸ ಮುಗಿಸಿದ ಪಿತ್ತ ಲವಣ ಮಲದಲ್ಲಿ ಹೋಗಿಬಿಡುವುದಿಲ್ಲ. ಸುಮಾರು ಶೇ. 95ರಷ್ಟನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿಕೊಂಡು ಲಿವರಿಗೆ ವಾಪಸ್ ಕಳಿಸುತ್ತದೆ. ಮೈಯಲ್ಲಿ ಇರುವುದು ಒಟ್ಟು 2ರಿಂದ 4 ಗ್ರಾಂ, ಅದೇ ದಿನಕ್ಕೆ ಹಲವು ಸುತ್ತು ತಿರುಗುತ್ತದೆ. ಆಪರೇಷನ್ ಆದ ಕೆಲವರಿಗೆ ಬೇಧಿ ಯಾಕೆ ಬರುತ್ತದೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ, ಮುಂದೆ ಹೇಳುತ್ತೇನೆ.

ಅನ್ನ, ಮುದ್ದೆ, ಬೇಳೆಗೂ ಪಿತ್ತರಸ ಬೇಕಾ?

ಬೇಡ. ಅನ್ನ, ರಾಗಿಯ ಪಿಷ್ಟ ಜೊಲ್ಲು ಮತ್ತು ಪ್ಯಾಂಕ್ರಿಯಾಸ್‌ನ ಎಂಜೈಮುಗಳಿಂದ ಒಡೆಯುತ್ತದೆ. ಬೇಳೆ, ಮೊಟ್ಟೆ, ಮೀನಿನ ಪ್ರೋಟೀನಿಗೂ ಬೇರೆ ಎಂಜೈಮುಗಳಿವೆ. ಪಿತ್ತರಸ ಪೂರ್ತಿ ನಿಂತರೂ ಇವು ಬಹುಮಟ್ಟಿಗೆ ಜೀರ್ಣ ಆಗುತ್ತವೆ. ಪೆಟ್ಟು ಬೀಳುವುದು ಕೊಬ್ಬಿಗೆ, ಕೊಬ್ಬಿನ ಜೊತೆಯಲ್ಲೇ ಮೈಗೆ ಸೇರುವ ಎ, ಡಿ, ಇ, ಕೆ ವಿಟಮಿನ್‌ಗಳಿಗೆ.

ಕಲ್ಲು ಇದೆ ಅಂದರು. ಹಾಗಾದರೆ ತಿಂದ ಸತ್ವ ಮೈಗೆ ಹತ್ತುತ್ತಿಲ್ಲ ಅಂತಲಾ?

ಬಹುಪಾಲು ಜನರ ವಿಷಯದಲ್ಲಿ ಹಾಗೇನೂ ಇಲ್ಲ. ಚೀಲದೊಳಗೆ ಕಲ್ಲು ಸುಮ್ನೆ ಕೂತಿದ್ದರೆ ಪಿತ್ತರಸ ಲಿವರಿನಿಂದ ಕರುಳಿಗೆ ಬರುವ ದಾರಿಗೆ ಏನೂ ಆಗಿರುವುದಿಲ್ಲ. ಪಿತ್ತಕೋಶದ ಬಾಯಿಗೇ ಕಲ್ಲು ಸಿಕ್ಕಿಕೊಂಡರೂ ಮುಖ್ಯ ನಾಳ ಬೇರೆಯೇ ಇದೆ. ಚೀಲ ಕೆಲಸ ನಿಲ್ಲಿಸಬಹುದು, ನೋವು ಪ್ರಾಣ ಹಿಂಡಬಹುದು, ಆದರೆ ರಸ ಮುಖ್ಯ ನಾಳದಲ್ಲಿ ಹರಿಯುತ್ತಲೇ ಇರುತ್ತದೆ. ಕಲ್ಲು ಇರುವವರಲ್ಲಿ ಸುಮಾರು ಶೇ. 80ರಷ್ಟು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬಿದ್ದಿರುತ್ತದೆ ಅಷ್ಟೇ.

ಹಾಗಾಗಿ ಡಾಕ್ಟರ ಹತ್ತಿರ ಕಲ್ಲು ಎಷ್ಟು ಮಿಲಿಮೀಟರ್ ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ನಾಳ ಸರಿಯಿದೆಯಾ, ರಸ ಕರುಳಿಗೆ ಇಳಿಯುತ್ತಿದೆಯಾ ಅಂತಲೂ ಕೇಳಿ. ಸತ್ವ ಮೈಗೆ ಹತ್ತುವುದೂ ಬಿಡುವುದೂ ಅದರ ಮೇಲೆ ನಿಂತಿದೆ. ಕಲ್ಲಿನಿಂದ ಅಪೌಷ್ಟಿಕತೆ ಬರುವುದಕ್ಕಿಂತ ಕಲ್ಲಿನ ಹೆದರಿಕೆಯಿಂದ ಬರುವುದೇ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ನೋವು ಬಂದೀತು ಅಂತ ಊಟವನ್ನೇ ಅರ್ಧ ಮಾಡುತ್ತಾರೆ, ಹಾಲು, ಮೊಟ್ಟೆ, ಕಡಲೆಕಾಯಿ, ಮೀನು ಎಲ್ಲ ಬಿಡುತ್ತಾರೆ, ಗಂಜಿ ಕುಡಿದುಕೊಂಡು ತಿಂಗಳುಗಟ್ಟಲೆ ಇರುತ್ತಾರೆ, ತೂಕ ಇಳಿದಾಗ ಕಲ್ಲಿನ ಮೇಲೆ ತಪ್ಪು ಹಾಕುತ್ತಾರೆ.

ನಿಜವಾಗಿ ಜೀರ್ಣಕ್ಕೆ ತೊಂದರೆ ಆಗುವುದು ಯಾವಾಗ?

ಕಲ್ಲು ಪಿತ್ತಕೋಶದಿಂದ ಜಾರಿ ಮುಖ್ಯ ಪಿತ್ತನಾಳಕ್ಕೆ ಬಂದು ಅಡ್ಡ ನಿಂತಾಗ. ನಾಳದಲ್ಲೋ ಪ್ಯಾಂಕ್ರಿಯಾಸ್‌ನ ತಲೆಭಾಗದಲ್ಲೋ ಗಡ್ಡೆ ಬೆಳೆದು ಒತ್ತಿದಾಗ. ಹಳೆಯ ಆಪರೇಷನ್ನಿನ ಗಾಯದಿಂದ ನಾಳ ಕಿರಿದಾದಾಗ. ಪಿತ್ತರಸ ಕರುಳಿಗೆ ಬರುವುದು ಪೂರ್ತಿ ನಿಂತುಹೋದರೆ ತಿಂದ ಕೊಬ್ಬಿನಲ್ಲಿ ಸುಮಾರು ಅರ್ಧದಷ್ಟು ಮಲದಲ್ಲೇ ಹೋಗಬಹುದು. ವಿಟಮಿನ್‌ಗಳ ನಷ್ಟ ಅದಕ್ಕಿಂತ ಜಾಸ್ತಿ, ಅವಕ್ಕೆ ಪಿತ್ತ ಲವಣ ಇಲ್ಲದೆ ನಡೆಯುವುದೇ ಇಲ್ಲ.

ಜಾರಿದ ಕಲ್ಲು ಇನ್ನೊಂದು ಅನಾಹುತವನ್ನೂ ಮಾಡುತ್ತದೆ. ಪಿತ್ತನಾಳವೂ ಪ್ಯಾಂಕ್ರಿಯಾಸ್‌ನ ನಾಳವೂ ಕರುಳಿಗೆ ಸೇರುವ ಜಾಗ ಒಂದೇ. ಕಲ್ಲು ಅಲ್ಲಿ ಬಂದು ಕೂತರೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸ್‌ನ ಉರಿಯೂತ ಆಗಬಹುದು. ಬಹಳ ಜನಕ್ಕೆ ವಾಸಿಯಾಗುತ್ತದೆ, ಆದರೆ ಪ್ಯಾಂಕ್ರಿಯಾಸ್ ಜಾಸ್ತಿ ಹಾಳಾದವರಿಗೆ ಎಂಜೈಮುಗಳೇ ಕಡಿಮೆಯಾಗಿ ಕೊಬ್ಬು ಮಾತ್ರ ಅಲ್ಲ, ಪ್ರೋಟೀನೂ ಸರಿಯಾಗಿ ಜೀರ್ಣ ಆಗದೇ ಹೋಗಬಹುದು. ಸಕ್ಕರೆ ಕಾಯಿಲೆಯೂ ಬರಬಹುದು. ಸಣ್ಣ ಕಲ್ಲು, ಏನೂ ಆಗಲ್ಲ ಅಂತ ಹೇಳುವವರಿಗೆ ಇದು ಗೊತ್ತಿರಲಿ. ನಾಳಕ್ಕೆ ಜಾರುವುದು ಹೆಚ್ಚಾಗಿ ಸಣ್ಣ ಕಲ್ಲುಗಳೇ.

ಕೊಬ್ಬು ಜೀರ್ಣ ಆಗುತ್ತಿಲ್ಲ ಅಂತ ಮನೆಯಲ್ಲಿ ಗೊತ್ತಾಗುವುದು ಹೇಗೆ?

ಮುಜುಗರ ಬಿಟ್ಟು ಮಲವನ್ನು ನೋಡಬೇಕು. ಕೊಬ್ಬು ಹೋಗುತ್ತಿದ್ದರೆ ಅದು ಪೇಲವವಾಗಿ, ಜಿಗುಟಾಗಿ, ವಿಪರೀತ ವಾಸನೆಯಿಂದ ಇರುತ್ತದೆ. ನೀರಿನ ಮೇಲೆ ಜಿಡ್ಡಿನ ಪದರ ಕಾಣಬಹುದು, ಒಂದು ಸಲ ನೀರು ಹಾಕಿದರೆ ಹೋಗುವುದಿಲ್ಲ. ಬರೀ ತೇಲಿದರೆ ಹೆದರಬೇಡಿ, ಗ್ಯಾಸ್ ಸೇರಿಕೊಂಡ ಮಲವೂ ತೇಲುತ್ತದೆ.

ಬಣ್ಣಕ್ಕೆ ಬೇರೆಯೇ ಅರ್ಥ ಇದೆ. ಮಲಕ್ಕೆ ಕಂದು ಬಣ್ಣ ಕೊಡುವುದೇ ಪಿತ್ತರಸದಲ್ಲಿರುವ ಬಿಲಿರುಬಿನ್ ಅನ್ನೋ ಬಣ್ಣದ ವಸ್ತು. ಅದು ಕರುಳಿಗೆ ಇಳಿಯದಿದ್ದರೆ ಮಲ ಬೂದಿಯ ಹಾಗೆ, ಜೇಡಿಮಣ್ಣಿನ ಹಾಗೆ ಬಿಳಿಚಿಕೊಳ್ಳುತ್ತದೆ. ಕರುಳಿಗೆ ಹೋಗಬೇಕಾದದ್ದು ರಕ್ತಕ್ಕೆ ಸೇರಿ ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮೈಯೆಲ್ಲ ತುರಿಕೆ ಶುರುವಾಗುತ್ತದೆ. ಕಾಮಾಲೆಗೆ ಔಷಧಿ ಕೊಡುವವರ ಹತ್ತಿರ ಓಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಬಿಳಿ ಮಲ, ಕಂದು ಮೂತ್ರ, ತುರಿಕೆ ಮೂರೂ ಇದ್ದರೆ ನಾಳ ಕಟ್ಟಿರುವ ಸಾಧ್ಯತೆ ಜಾಸ್ತಿ, ಯಾವ ಸೊಪ್ಪಿನ ರಸವೂ ಆ ಕಲ್ಲನ್ನು ತೆಗೆಯುವುದಿಲ್ಲ. ಎಂಡೋಸ್ಕೋಪಿ ಮೂಲಕ ನಾಳದ ಕಲ್ಲು ತೆಗೆಯುವ ಇಆರ್‌ಸಿಪಿ ಅನ್ನೋ ವಿಧಾನ ಇದೆ. ಮೊದಲು ಅದು ಬೇಕಾಗಬಹುದು.

ಯಾವ ವಿಟಮಿನ್ ಮೊದಲು ಕಡಿಮೆಯಾಗುತ್ತದೆ?

ಸಾಮಾನ್ಯವಾಗಿ ಕೆ. ಮೈಯಲ್ಲಿ ಅದರ ದಾಸ್ತಾನು ತುಂಬ ಕಡಿಮೆ, ಕೆಲವು ವಾರಗಳಲ್ಲೇ ಖಾಲಿಯಾಗಬಹುದು. ರಕ್ತ ಹೆಪ್ಪುಗಟ್ಟಲು ಲಿವರಿಗೆ ವಿಟಮಿನ್ ಕೆ ಬೇಕು. ಅದು ಕಡಿಮೆಯಾದರೆ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಸ್ವಲ್ಪ ತಾಗಿದರೂ ನೀಲಿಗಟ್ಟುವುದು, ಮೂಗಿನಲ್ಲಿ ರಕ್ತ ಕಾಣಿಸುತ್ತದೆ. ಕಾಮಾಲೆ ಇರುವವರಿಗೆ ಆಪರೇಷನ್ ಮಾಡುವ ಮೊದಲು ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದಾ ಅಂತ ನೋಡುವ ಪಿಟಿ-ಐಎನ್‌ಆರ್ ರಕ್ತ ಪರೀಕ್ಷೆ ಮಾಡಿಸಿ, ಬೇಕಾದರೆ ವಿಟಮಿನ್ ಕೆ ಇಂಜೆಕ್ಷನ್ ಕೊಡುವುದು ಇದಕ್ಕೇ. ಮಾತ್ರೆ ಯಾಕಿಲ್ಲ ಅಂದರೆ, ಪಿತ್ತರಸ ಇಲ್ಲದ ಕರುಳಿನಲ್ಲಿ ಮಾತ್ರೆಯೂ ಸರಿಯಾಗಿ ಸೇರುವುದಿಲ್ಲ.

ಎ ವಿಟಮಿನ್ ಲಿವರಿನಲ್ಲಿ ತಿಂಗಳುಗಟ್ಟಲೆಗೆ ಸಾಕಾಗುವಷ್ಟು ಕೂಡಿಟ್ಟಿರುತ್ತದೆ, ಹಾಗಾಗಿ ಇರುಳುಗುರುಡು ಕಾಣುವುದು ತಡವಾಗಿ. ಡಿ ಕಡಿಮೆಯಾದರೆ ಮೂಳೆ ನೋವು, ಸೊಂಟ ನೋವು, ತೊಡೆ ಸ್ನಾಯು ಸೋಲುವುದು. ನಮ್ಮಲ್ಲಿ ಪಿತ್ತಕೋಶ ಗಟ್ಟಿಮುಟ್ಟಾಗಿದ್ದವರಿಗೂ ಡಿ ಕೊರತೆ ಇರುವುದು ಮಾಮೂಲು, ಆದ್ದರಿಂದ ರಿಪೋರ್ಟಿನಲ್ಲಿ ಡಿ ಕಡಿಮೆ ಬಂದ ತಕ್ಷಣ ಕಲ್ಲಿಗೆ ಅದನ್ನು ಗಂಟುಹಾಕಬೇಡಿ. ಇ ಕಡಿಮೆಯಾಗಿ ನರಕ್ಕೆ ತೊಂದರೆ ಆಗಬೇಕಾದರೆ ಬಹಳ ಕಾಲ ಬೇಕು.

ಯಾರೂ ಹೇಳದ ಇನ್ನೊಂದು ವಿಷಯ ಕ್ಯಾಲ್ಸಿಯಂ. ಜೀರ್ಣವಾಗದ ಕೊಬ್ಬು ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ಮಲದಲ್ಲಿ ಹೋಗುತ್ತದೆ. ಸಾಮಾನ್ಯವಾಗಿ ಕ್ಯಾಲ್ಸಿಯಂ ಊಟದಿಂದ ಕರುಳಿಗೆ ಬರುವ ಆಕ್ಸಲೇಟ್ ಅನ್ನೋ ವಸ್ತುವನ್ನು ಹಿಡಿದುಕೊಂಡಿರುತ್ತದೆ. ಕ್ಯಾಲ್ಸಿಯಂ ಹೀಗೆ ಕಳೆದುಹೋದರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಯಲ್ಲಿ ಕಲ್ಲು ಕಟ್ಟಲು ಕಾರಣವಾಗಬಹುದು. ಇದು ಬಹಳ ಕಾಲ ಕೊಬ್ಬು ಸೋರಿಹೋಗುವವರ ಮಾತು, ಪಿತ್ತಕೋಶದಲ್ಲಿ ಕಲ್ಲಿರುವ ಎಲ್ಲರದ್ದಲ್ಲ.

ಬಿ12, ಕಬ್ಬಿಣ?

ಇವೆರಡಕ್ಕೂ ಪಿತ್ತರಸ ಬೇಕಿಲ್ಲ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರಲು ಹೆಚ್ಚಾಗಿ ಊಟವೇ ಕಾರಣ. ರಕ್ತ ಕಡಿಮೆ ಇದ್ದರೆ ಬೇರೆ ಕಾರಣ ಹುಡುಕಿಸಿ.

ಗ್ಯಾಸ್ಟ್ರಿಕ್ಕೋ, ಕಲ್ಲಿನ ನೋವೋ?

ಊಟ ಆದ ಮೇಲೆ ಹೊಟ್ಟೆ ಉಬ್ಬರ, ತೇಗು, ಎದೆ ಉರಿ ಇಷ್ಟೇ ಇದ್ದರೆ ಅದು ಕಲ್ಲಿನದ್ದೇ ಅಂತ ಹೇಳಲಾಗದು. ಕಲ್ಲು ತೆಗೆಸಿದ ಮೇಲೂ ಇವು ಉಳಿದುಕೊಂಡು ನಿರಾಸೆಯಾದವರು ಬಹಳ ಮಂದಿ. ಕಲ್ಲಿನ ನೋವು ಬೇರೆ ಥರ. ಹೊಟ್ಟೆಯ ಮೇಲ್ಭಾಗದಲ್ಲಿ ನಡುವೆ ಅಥವಾ ಬಲಗಡೆ ಹಿಡಿದುಕೊಳ್ಳುತ್ತದೆ, ಬೆನ್ನಿಗೆ, ಬಲ ಭುಜದ ಕಡೆಗೆ ಹರಡುತ್ತದೆ, ಅರ್ಧ ಗಂಟೆಯಿಂದ ಕೆಲವು ಗಂಟೆ ಬಿಡದೆ ಇದ್ದು ಆಮೇಲೆ ತಾನೇ ಇಳಿಯುತ್ತದೆ. ರಾತ್ರಿ ಮದುವೆ ಊಟ ಮಾಡಿ ಮಲಗಿದ ಮೇಲೆ ಎಬ್ಬಿಸಿ ಕೂರಿಸುವ ನೋವು ಅಂದರೆ ಅನುಭವಿಸಿದವರಿಗೆ ತಕ್ಷಣ ಗೊತ್ತಾಗುತ್ತದೆ. ನೋವು 6 ಗಂಟೆ ದಾಟಿತು, ಜ್ವರ ಬಂತು, ಚಳಿ ನಡುಕ ಬಂತು, ಕಣ್ಣು ಹಳದಿಯಾಯಿತು ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಎದೆಯ ಕಡೆ ಒತ್ತಿದ ಹಾಗೆ ನೋವು ಇದ್ದರೆ ಮೊದಲು ಇಸಿಜಿ. ಗ್ಯಾಸ್ ಅಂತ ಸೋಡ ಕುಡಿದು ಹಾರ್ಟ್ ಅಟ್ಯಾಕ್ ತಪ್ಪಿಸಿಕೊಳ್ಳಲು ಆಗದು.

ಕಲ್ಲು ಕಂಡುಹಿಡಿಯಲು ಹೊಟ್ಟೆಯ ಅಲ್ಟ್ರಾಸೌಂಡ್ ಸಾಕು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುತ್ತಾರೆ, ಯಾಕೆಂದರೆ ತಿಂದು ಹೋದರೆ ಪಿತ್ತಕೋಶ ಹಿಂಡಿಕೊಂಡು ಮುದುಡಿರುತ್ತದೆ, ಒಳಗೇನಿದೆ ಅಂತ ಸರಿಯಾಗಿ ಕಾಣುವುದಿಲ್ಲ.

ಎಣ್ಣೆ, ತುಪ್ಪ ಪೂರ್ತಿ ಬಿಡಬೇಕಾ?

ಬೇಡ. ಇದು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೋವು ಬರುತ್ತಿರುವವರು ಒಂದೇ ಊಟದಲ್ಲಿ ಜಾಸ್ತಿ ಜಿಡ್ಡು ತಿನ್ನುವುದನ್ನು ತಪ್ಪಿಸಬೇಕು, ಅದು ನಿಜ. ಬೆಣ್ಣೆ ದೋಸೆ, ಬೋಂಡ, ಪೂರಿ-ಸಾಗು, ಹಬ್ಬದ ಹೋಳಿಗೆ ಮೇಲೆ ತುಪ್ಪ ಸುರಿಯುವುದು, ಬಿರಿಯಾನಿ, ಇವೆಲ್ಲ ಪಿತ್ತಕೋಶವನ್ನು ಜೋರಾಗಿ ಹಿಂಡಿಸುತ್ತವೆ. ಆದರೆ ಜಿಡ್ಡು ಸೊನ್ನೆ ಮಾಡಿದರೆ ಪಿತ್ತಕೋಶ ಸರಿಯಾಗಿ ಖಾಲಿಯಾಗದೆ ರಸ ಅಲ್ಲೇ ನಿಂತು ಕೆಸರುಗಟ್ಟಬಹುದು. ಅದರಿಂದ ಹೊಸ ಕಲ್ಲು ಹುಟ್ಟಬಹುದು. ಅದೂ ಅಲ್ಲದೆ ಕ್ಯಾರೆಟ್, ಪಪ್ಪಾಯ, ನುಗ್ಗೆಸೊಪ್ಪು, ದಂಟಿನ ಸೊಪ್ಪಿನಲ್ಲಿರುವ ಎ ಮತ್ತು ಕೆ ಮೈಗೆ ಸೇರಬೇಕಾದರೆ ಜೊತೆಗೆ ಸ್ವಲ್ಪ ಜಿಡ್ಡು ಬೇಕೇ ಬೇಕು. ಎಣ್ಣೆಯಿಲ್ಲದೆ ಬೇಯಿಸಿದ ಸೊಪ್ಪನ್ನು ಬಟ್ಟಲುಗಟ್ಟಲೆ ತಿನ್ನುವುದಕ್ಕಿಂತ ಒಂದು ಚಮಚ ಒಗ್ಗರಣೆ ಹಾಕಿದ ಅರ್ಧ ಬಟ್ಟಲು ವಾಸಿ.

ಲೆಕ್ಕ ಬೇಕು ಅನ್ನುವವರಿಗೆ: ಒಂದು ಟೀ ಚಮಚ ತುಪ್ಪ ಅಥವಾ ಎಣ್ಣೆಯಲ್ಲಿ ಸುಮಾರು 5 ಗ್ರಾಂ ಕೊಬ್ಬು. ಒಂದು ಮೊಟ್ಟೆಯಲ್ಲೂ ಸುಮಾರು ಅಷ್ಟೇ, ಅದೂ ಪೂರ್ತಿ ಹಳದಿಯಲ್ಲಿ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ, ಅಂದರೆ ಸುಮಾರು 30 ಗ್ರಾಮಿನಲ್ಲಿ, 14 ಗ್ರಾಂ. ಟೋನ್ಡ್ ಹಾಲಿನಲ್ಲಿ ಶೇ. 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ. 6. ಇದನ್ನು ದಿನದ ಮೂರ್ನಾಲ್ಕು ಊಟಕ್ಕೆ ಹಂಚಿದರೆ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ಮಧ್ಯಾಹ್ನ ಪಲ್ಯಕ್ಕೆ ಒಂದು ಚಮಚ, ರಾತ್ರಿ ಅನ್ನಕ್ಕೆ ಅರ್ಧ ಚಮಚ ತುಪ್ಪ, ಇದಕ್ಕೆಲ್ಲ ಹೆದರಿ ಕೂತರೆ ಆಗಲ್ಲ. ನೋವಿನ ಜೊತೆ ಜ್ವರ ಬಂದು ಪಿತ್ತಕೋಶ ಊದಿಕೊಂಡ ದಿನಗಳ ಮಾತು ಬೇರೆ, ಆಗ ಡಾಕ್ಟರು ಹೇಳಿದ ಪಥ್ಯವೇ ಸರಿ.

ಕೊಬ್ಬರಿ ಎಣ್ಣೆಗೆ ಪಿತ್ತರಸ ಬೇಡ ಅಂತಾರೆ, ನಿಜವಾ?

ಅರ್ಧ ನಿಜ. ಮಧ್ಯಮ ಸರಪಳಿಯ ಕೊಬ್ಬು ಅಂತ ಒಂದು ಬಗೆ ಇದೆ, ಅದು ಪಿತ್ತರಸ ಹೆಚ್ಚು ಇಲ್ಲದೆಯೂ ನೇರ ಲಿವರಿಗೆ ಹೋಗುವ ರಕ್ತನಾಳಕ್ಕೆ ಸೇರುತ್ತದೆ. ನಾಳ ಕಟ್ಟಿದವರಿಗೆ ಆಸ್ಪತ್ರೆಯಲ್ಲಿ ಈ ಬಗೆಯ ಕೊಬ್ಬಿರುವ ಎಂಸಿಟಿ ಎಣ್ಣೆ ಕೊಡುವುದು ಇದಕ್ಕೆ. ಕೊಬ್ಬರಿ ಎಣ್ಣೆಯಲ್ಲಿ ಆ ಥರದ್ದು ಸ್ವಲ್ಪ ಭಾಗ ಮಾತ್ರ. ಹೆಚ್ಚುಕಮ್ಮಿ ಅರ್ಧದಷ್ಟು ಇರುವುದು ಲಾರಿಕ್ ಆಮ್ಲ, ಅದರಲ್ಲಿ ಬಹಳಷ್ಟು ಮಾಮೂಲಿ ಕೊಬ್ಬಿನ ದಾರಿಯನ್ನೇ ಹಿಡಿಯುತ್ತದೆ. ಕರಾವಳಿಯವರು ಅಡುಗೆಗೆ ಕೊಬ್ಬರಿ ಎಣ್ಣೆ ಹಾಕುತ್ತಿದ್ದರೆ ಹಾಕಿಕೊಳ್ಳಲಿ, ಆದರೆ ಔಷಧಿ ಅಂತ ಬೆಳಗ್ಗೆ ಎದ್ದು ಕುಡಿಯಬೇಡಿ.

ಏಕಾದಶಿ, ರಂಜಾನ್ ಉಪವಾಸ ಮಾಡಬಹುದಾ?

ನೋವಿಲ್ಲದ ಕಲ್ಲಿರುವವರಿಗೆ ಒಂದು ಹೊತ್ತಿನ ಉಪವಾಸದಿಂದ ದೊಡ್ಡ ತೊಂದರೆ ಆಗುವುದಿಲ್ಲ. ತೊಂದರೆ ಕೊಡುವುದು ಉಪವಾಸ ಬಿಡುವ ರೀತಿ. ದಿನವಿಡೀ ಖಾಲಿ ಇದ್ದು ತುಂಬಿಕೊಂಡ ಪಿತ್ತಕೋಶದ ಮೇಲೆ ಒಮ್ಮೆಲೇ ಸಾಬುದಾನ ವಡೆಯನ್ನೋ ಸಮೋಸವನ್ನೋ ಹೇರಿದರೆ ಅದು ಜೋರಾಗಿ ಹಿಂಡಿಕೊಳ್ಳುತ್ತದೆ. ಹಣ್ಣು, ಮಜ್ಜಿಗೆ, ಖರ್ಜೂರದಿಂದ ಶುರು ಮಾಡಿ, ಊಟ ಆಮೇಲೆ. ಆಗಾಗ ನೋವು ಬರುವವರು, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮಾಡಬೇಡಿ.

ತೂಕ ಬೇಗ ಇಳಿಸಿದರೆ ಕಲ್ಲು ಆಗುತ್ತದಂತೆ?

ಹೌದು. ಬೊಜ್ಜು ಇದ್ದರೂ ಕಲ್ಲಿನ ಅಪಾಯ, ಅದನ್ನು ವೇಗವಾಗಿ ಇಳಿಸಿದರೂ ಅಪಾಯ. ಮೈಯ ಕೊಬ್ಬು ಕರಗುವಾಗ ಲಿವರ್ ಪಿತ್ತರಸಕ್ಕೆ ಜಾಸ್ತಿ ಕೊಲೆಸ್ಟ್ರಾಲ್ ಸೇರಿಸುತ್ತದೆ. ಊಟದಲ್ಲಿ ಜಿಡ್ಡಿಲ್ಲದ ಕಾರಣ ಪಿತ್ತಕೋಶ ಹಿಂಡುವುದೂ ಕಡಿಮೆಯಾಗುತ್ತದೆ. ಬೊಜ್ಜು ಕರಗಿಸುವ ಆಪರೇಷನ್ ಆದವರಿಗೆ ಮೊದಲ ಕೆಲವು ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಬರೆಯುವುದು ಇದನ್ನು ತಡೆಯಲು. ಡಯಟ್ ಮಾಡುವವರು ದಿನದಲ್ಲಿ ಒಂದು ಊಟದಲ್ಲಾದರೂ 7ರಿಂದ 10 ಗ್ರಾಂ ಕೊಬ್ಬು ಇಟ್ಟುಕೊಳ್ಳಿ. ವಾರಕ್ಕೆ ಅರ್ಧ ಕೆಜಿ, ಜಾಸ್ತಿ ಅಂದರೆ ಒಂದು ಕೆಜಿ ಇಳಿದರೆ ಸಾಕು.

ಬಾಳೆದಿಂಡಿನ ರಸ, ಆಲಿವ್ ಎಣ್ಣೆ-ನಿಂಬೆರಸ?

ಬಾಳೆದಿಂಡು ನಮ್ಮಲ್ಲಿ ಕಿಡ್ನಿ ಕಲ್ಲಿಗೆ ಅಂತ ಹೇಳುವ ಮನೆಮದ್ದು. ಪಿತ್ತಕೋಶದ ಕಲ್ಲಿಗೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ, ಎಷ್ಟು ನೀರು ಕುಡಿದರೂ, ಬಿಯರ್ ಕುಡಿದರೂ ಅದು ಆ ಕಡೆ ಹೋಗುವುದಿಲ್ಲ. ಪಲ್ಯ ಮಾಡಿ ತಿನ್ನಿ, ನಾರಿನಂಶ ಒಳ್ಳೆಯದು.

ಆಲಿವ್ ಎಣ್ಣೆ, ನಿಂಬೆರಸ, ಎಪ್ಸಮ್ ಉಪ್ಪು ಕುಡಿದು ಮರುದಿನ ಹಸಿರು ಉಂಡೆಗಳು ಬಿದ್ದವು ಅಂತ ಫೋಟೋ ಹಾಕುವವರಿದ್ದಾರೆ. ಅಂಥ ಉಂಡೆಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನಂತೆ ಗಟ್ಟಿಯಾದದ್ದು. ಅಷ್ಟು ಎಣ್ಣೆ ಒಮ್ಮೆಲೇ ಕುಡಿದು ನಿಜವಾದ ಕಲ್ಲು ನಾಳಕ್ಕೆ ಜಾರಿದರೆ ಏನಾಗುತ್ತದೆ ಅಂತ ಮೇಲೆ ಓದಿದ್ದೀರಿ.

ಕರಗಿಸುವ ಮಾತ್ರೆ ಇದೆಯಲ್ಲ?

ಇದೆ, ಮೇಲೆ ಹೇಳಿದ ಅರ್ಸೋ ಮಾತ್ರೆಯೇ. ಅದು ಕರಗಿಸುವುದು ಸಣ್ಣ ಕೊಲೆಸ್ಟ್ರಾಲ್ ಕಲ್ಲನ್ನು ಮಾತ್ರ. ಕ್ಯಾಲ್ಸಿಯಂ ಸೇರಿರಬಾರದು, ಪಿತ್ತಕೋಶ ಕೆಲಸ ಮಾಡುತ್ತಿರಬೇಕು. ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷದ ತನಕ ನುಂಗಬೇಕು, ಬಿಟ್ಟ ಮೇಲೆ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನಕ್ಕೆ ಮತ್ತೆ ಬರುತ್ತದೆ. ಅದೂ ಅಲ್ಲದೆ ದಕ್ಷಿಣ ಭಾರತದಲ್ಲಿ ಬಿಲಿರುಬಿನ್‌ನಿಂದ ಆಗುವ ಕಪ್ಪು ಕಲ್ಲುಗಳು ಉತ್ತರಕ್ಕಿಂತ ಹೆಚ್ಚು ಕಾಣುತ್ತವೆ, ಅವು ಇದಕ್ಕೆ ಜಗ್ಗುವುದಿಲ್ಲ.

ಪಿತ್ತಕೋಶವನ್ನೇ ತೆಗೆದರೆ ಜೀರ್ಣ ಹೇಗೆ ಆಗುತ್ತದೆ?

ಬಹುಪಾಲು ಮೊದಲಿನ ಹಾಗೇ. ರಸ ಮಾಡುವ ಲಿವರ್ ಇದ್ದಲ್ಲೇ ಇದೆ, ನಾಳ ತೆರೆದಿದೆ, ನಡುವೆ ಕೂಡಿಡುವ ಚೀಲ ಮಾತ್ರ ಇಲ್ಲ. ಊಟದ ಹೊತ್ತಿಗೆ ಒಮ್ಮೆಲೇ ಬರುವ ಬದಲು ರಸ ಹೆಚ್ಚುಕಮ್ಮಿ ದಿನವಿಡೀ ಕರುಳಿಗೆ ಇಳಿಯುತ್ತಿರುತ್ತದೆ. ತುಂಬ ಜಿಡ್ಡಿನ ಊಟ ಒಮ್ಮೆಲೇ ಬಂದರೆ ಸ್ವಲ್ಪ ತಡಕಾಡುತ್ತದೆ, ಮಾಮೂಲಿ ಊಟಕ್ಕೆ ಸಾಕು. ಕುದುರೆಗೆ ಪಿತ್ತಕೋಶ ಇಲ್ಲ, ಇಲಿಗಳಲ್ಲಿ ರ‍್ಯಾಟ್ ಅನ್ನೋ ದೊಡ್ಡ ಜಾತಿಗೂ ಇಲ್ಲ, ಅವು ಚೆನ್ನಾಗಿಯೇ ಇವೆ.

1882ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಕ್ ಅನ್ನೋ ಸರ್ಜನ್ ಮೊದಲ ಸಲ ಪಿತ್ತಕೋಶವನ್ನೇ ತೆಗೆದರು. ಅಲ್ಲಿಯವರೆಗೆ ಚೀಲ ಕೊಯ್ದು ಕಲ್ಲು ಮಾತ್ರ ಹೊರಗೆ ತೆಗೆಯುತ್ತಿದ್ದರು, ಕಲ್ಲು ಮತ್ತೆ ಬರುತ್ತಿತ್ತು. ಈಗಲೂ ಎಷ್ಟೋ ಜನ, ಕಲ್ಲು ಮಾತ್ರ ತೆಗೆದು ಚೀಲ ಬಿಡಿ ಡಾಕ್ಟ್ರೇ, ಅಂತ ಕೇಳುತ್ತಾರೆ. ಕಲ್ಲು ಮಾಡುವ ಚೀಲವನ್ನು ಒಳಗೇ ಬಿಟ್ಟರೆ ಏನು ಲಾಭ? 1985ರಿಂದ ಈಚೆಗೆ ಸಣ್ಣ ತೂತುಗಳ ಲ್ಯಾಪರೋಸ್ಕೋಪಿ ಬಂತು, ಈಗ ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ.

ಇಷ್ಟು ಹೇಳಿದ್ದಕ್ಕೆ ಎಲ್ಲರೂ ತೆಗೆಸಿಕೊಳ್ಳಿ ಅಂತ ಅರ್ಥ ಅಲ್ಲ. ನೋವೇ ಇಲ್ಲದ ಕಲ್ಲನ್ನು ಸಾಮಾನ್ಯವಾಗಿ ನೋಡಿಕೊಂಡು ಸುಮ್ಮನಿರಬಹುದು. 3 ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, 1 ಸೆಂಟಿಮೀಟರ್ ದಾಟಿದ ಪಾಲಿಪ್ (ಪಿತ್ತಕೋಶದ ಒಳಗೋಡೆಯಲ್ಲಿ ಬೆಳೆಯುವ ಗಂಟು), ಸಿಕಲ್ ಸೆಲ್ ಥರದ ರಕ್ತದ ಕಾಯಿಲೆ, ಇಂಥ ಕೆಲವು ಸಂದರ್ಭದಲ್ಲಿ ಮಾತ್ರ ನೋವಿಲ್ಲದಿದ್ದರೂ ಸರ್ಜನ್ ಜೊತೆ ಮಾತಾಡಬೇಕು.

ಆಪರೇಷನ್ ಆದ ಮೇಲೆ ಊಟ ಮಾಡಿದ ಕೂಡಲೇ ಟಾಯ್ಲೆಟ್ಟಿಗೆ ಓಡಬೇಕು. ಸತ್ವ ಎಲ್ಲ ಹೋಗುತ್ತಿದೆಯಾ?

ಹೆಚ್ಚಿನ ಸಲ ಹೋಗುತ್ತಿರುವುದು ನೀರು. ಕೂಡಿಡುವ ಚೀಲ ಇಲ್ಲದ ಕಾರಣ ಪಿತ್ತ ಲವಣಗಳು ಕರುಳಿನಲ್ಲಿ ಜಾಸ್ತಿ ಸುತ್ತು ಹೊಡೆಯುತ್ತವೆ. ವಾಪಸ್ ಹೀರುವ ಜಾಗದಲ್ಲಿ ಹೀರಿ ಮುಗಿಯದೆ ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಅಲ್ಲಿ ನೀರು ಎಳೆಯುತ್ತದೆ, ಮಲ ಹಳದಿಯಾಗಿ ನೀರುನೀರಾಗಿ ಬರುತ್ತದೆ, ಗುದದ ಹತ್ತಿರ ಉರಿಯುತ್ತದೆ. ಇದು ಕೆಲವರಿಗೆ ಮಾತ್ರ ಬರುತ್ತದೆ, ಬಂದವರಲ್ಲೂ ಬಹಳ ಜನಕ್ಕೆ ವಾರಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆ ಕಾಫಿ, ಖಾರ, ಕರಿದದ್ದು ಸ್ವಲ್ಪ ದಿನ ಬಿಡಿ. ಬಾಳೆಹಣ್ಣು, ಓಟ್ಸ್, ಬಾರ್ಲಿ, ಒಂದು ಚಮಚ ಇಸಬ್ಗೋಲ್ ಸಹಾಯ ಮಾಡುತ್ತವೆ.

ತಿಂಗಳುಗಳಾದರೂ ನಿಲ್ಲದಿದ್ದರೆ ಕೊಲೆಸ್ಟೈರಮಿನ್ ಅನ್ನೋ ಪುಡಿ ಬರೆಯುತ್ತಾರೆ, ಅದು ಪಿತ್ತ ಲವಣವನ್ನು ಹಿಡಿದುಕೊಳ್ಳುತ್ತದೆ. ಆದರೆ ಅದು ಬೇರೆ ಔಷಧಿಗಳನ್ನೂ ಎ, ಡಿ, ಇ, ಕೆಗಳನ್ನೂ ಹಿಡಿದುಕೊಳ್ಳುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಸಾಮಾನ್ಯ ನಿಯಮ ಅಂದರೆ ಬೇರೆ ಮಾತ್ರೆಗಳನ್ನು ಪುಡಿಗಿಂತ ಒಂದು ಗಂಟೆ ಮೊದಲು, ಇಲ್ಲವೇ 4ರಿಂದ 6 ಗಂಟೆ ಆದ ಮೇಲೆ ತೆಗೆದುಕೊಳ್ಳುವುದು.

ಆಪರೇಷನ್ ನಂತರ ಜೀವನಪೂರ್ತಿ ಪಥ್ಯವಾ?

ಇಲ್ಲ. ಮೊದಲ ಕೆಲವು ದಿನ ಇಡ್ಲಿ, ಮೆತ್ತಗಿನ ಅನ್ನ, ತಿಳಿಸಾರು, ಮಜ್ಜಿಗೆ, ರಾಗಿ ಅಂಬಲಿ. ಆಮೇಲೆ ಪಲ್ಯ, ಚಪಾತಿ, ಮೊಟ್ಟೆ, ಮೀನು ಒಂದೊಂದಾಗಿ. ಒಂದು ತಿಂಗಳ ಹೊತ್ತಿಗೆ ಹೆಚ್ಚಿನವರು ಮನೆಯವರ ಜೊತೆ ಅದೇ ಊಟ ಮಾಡುತ್ತಾರೆ. ಯಾವುದೋ ಒಂದು ಪದಾರ್ಥ ಆಗಿಬರದಿದ್ದರೆ ಅದನ್ನು ಮಾತ್ರ ಬಿಡಿ. ಪಕ್ಕದ ಮನೆಯವರಿಗೆ ಆಗದ್ದನ್ನೆಲ್ಲ ನೀವೂ ಬಿಡಬೇಕಾಗಿಲ್ಲ.

ಮೆಡಿಕಲ್ ಶಾಪಿನ ಎಂಜೈಮ್ ಸಿರಪ್ ಕುಡಿಯಲಾ?

ಪಿತ್ತಕೋಶ ತೆಗೆದದ್ದಕ್ಕೆ ಅದರಿಂದ ಉಪಯೋಗ ಇಲ್ಲ, ನಿಮ್ಮ ಎಂಜೈಮುಗಳು ಕಡಿಮೆಯಾಗಿಲ್ಲ. ಪ್ಯಾಂಕ್ರಿಯಾಸ್ ಹಾಳಾದವರಿಗೆ ಡಾಕ್ಟರು ಬರೆಯುವ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಬೇರೆಯದು. ಅದನ್ನು ಊಟದ ಜೊತೆಗೇ ನುಂಗಬೇಕು, ಊಟ ಮುಗಿದು ಒಂದು ಗಂಟೆಗೆ ಅಲ್ಲ.

ಎ, ಡಿ, ಇ, ಕೆ ಮಾತ್ರೆ ಎಲ್ಲರೂ ತಿನ್ನಬೇಕಾ?

ಬೇಡ. ಈ ನಾಲ್ಕೂ ನೀರಿನಲ್ಲಿ ಕರಗುವಂಥವಲ್ಲ. ಅದರಲ್ಲೂ ಎ ಮತ್ತು ಡಿ ಜಾಸ್ತಿಯಾದರೆ ಮೈಯಲ್ಲೇ ಉಳಿದು ವಿಷವಾಗಬಹುದು. ನಾಳ ಬಹಳ ಕಾಲ ಕಟ್ಟಿಕೊಂಡಿದ್ದವರು, ಮಲದಲ್ಲಿ ಜಿಡ್ಡು ಹೋಗುತ್ತಿರುವವರು, ಕೊಲೆಸ್ಟೈರಮಿನ್ ಬಹಳ ಕಾಲ ತೆಗೆದುಕೊಳ್ಳುವವರು ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇರುವುದನ್ನು ಮಾತ್ರ ತೆಗೆದುಕೊಳ್ಳಲಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವ ಹೃದ್ರೋಗಿಗಳು ವಿಟಮಿನ್ ಕೆಯನ್ನು ಯಾರನ್ನೂ ಕೇಳದೆ ಮುಟ್ಟಲೇಬಾರದು, ಎರಡೂ ಒಂದಕ್ಕೊಂದು ಉಲ್ಟಾ ಕೆಲಸ ಮಾಡುತ್ತವೆ.

ಮಕ್ಕಳಿಗೂ ಇದೆಲ್ಲ ಬರುತ್ತದಾ?

ಬರುತ್ತದೆ, ಅಪರೂಪಕ್ಕೆ. ರಕ್ತಕಣಗಳು ಬೇಗ ಒಡೆಯುವ ಸಿಕಲ್ ಸೆಲ್, ಥಲಸ್ಸೇಮಿಯಾ ಥರದ ಕಾಯಿಲೆ ಇದ್ದರೆ ಬಿಲಿರುಬಿನ್ ಜಾಸ್ತಿಯಾಗಿ ಚಿಕ್ಕ ವಯಸ್ಸಿನಲ್ಲೇ ಕಲ್ಲು ಕಟ್ಟುತ್ತದೆ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಇರುವುದರಿಂದ ಅಲ್ಲಿನ ಮಗುವಿಗೆ ಪದೇ ಪದೇ ಹೊಟ್ಟೆ ನೋವು ಬಂದರೆ ಜಂತುಹುಳು ಅಂತ ಬಿಡದೆ ಒಂದು ಸ್ಕ್ಯಾನ್ ಮಾಡಿಸಬೇಕು.

ಹಸುಗೂಸಿನ ವಿಷಯದಲ್ಲಿ ಕಾಯುವ ಹಾಗೇ ಇಲ್ಲ. ಹುಟ್ಟಿದ ಮಗುವಿನ ಕಾಮಾಲೆ 14 ದಿನ ದಾಟಿದರೂ ಇಳಿಯದೆ ಮಲ ಬಿಳಿಚಿಕೊಂಡು ಬರುತ್ತಿದ್ದರೆ ಪಿತ್ತನಾಳವೇ ಮುಚ್ಚಿಹೋಗುವ ಬಿಲಿಯರಿ ಅಟ್ರೀಸಿಯಾ ಇರಬಹುದು. ಅದಕ್ಕೆ ಕಸಾಯ್ ಅನ್ನೋ ಆಪರೇಷನ್ ಇದೆ, ಹುಟ್ಟಿದ 60 ದಿನದೊಳಗೆ ಆದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ಎಳೆ ಬಿಸಿಲಿಗೆ ಹಿಡಿದರೆ ಸರಿಯಾಗುತ್ತದೆ ಅಂತ ಅಜ್ಜಿ ಹೇಳಿದರೂ ಎರಡು ವಾರ ದಾಟಿದ ಮೇಲೆ ಬಿಸಿಲನ್ನು ನಂಬಬೇಡಿ. ಬಿಳಿಚಿದ ಮಲ ಇರುವ ಬಟ್ಟೆಯನ್ನು ಒಗೆಯದೆ ಹಾಗೇ ಕವರಿನಲ್ಲಿ ಹಾಕಿಕೊಂಡು ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ, ರಕ್ತದಲ್ಲಿ ಎರಡು ಬಗೆಯ ಬಿಲಿರುಬಿನ್ ಎಷ್ಟೆಷ್ಟಿದೆ ಅಂತ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ.